ಮೊದಲು ಚರಂಡಿ ಚಪ್ಪಡಿ, ಆಮೇಲೆ ಸೈಕಲ್ ಪಥ

ತಮ್ಮಾ, ಶಿಕಾರಿಪುರ ಪುರಸಭೆಗೆ ಗೆದ್ದು ಬಂದಿದ್ದೀಯ, ಸಂತೋಷ. ಹಾರ ತುರಾಯಿ, ಪಟಾಕಿ ಎಲ್ಲ ಮುಗಿದು ಇನ್ನು ಕೆಲಸಕ್ಕೆ ಕೂರುವ ಹೊತ್ತು. ಚುನಾವಣೆಯಲ್ಲಿ ನೀನು ಹಂಚಿದ ಕರಪತ್ರ ನನ್ನ ಕೈಗೂ ಬಂದಿತ್ತು. ಕುಡಿಯುವ ನೀರು, ಬೀದಿದೀಪ, ಸಮುದಾಯ ಭವನ ಅನ್ನುವ ಸಾಲಿನ ಕೊನೆಗೆ ಪಾದಚಾರಿಗಳಿಗೂ ಸೈಕಲ್ ಸವಾರರಿಗೂ ಒಳ್ಳೆ ದಾರಿ ಮಾಡಿಸುತ್ತೇನೆ ಅಂತ ಸೇರಿಸಿದ್ದೆ. ನಿನ್ನ ಜೊತೆಯವರು ಅದನ್ನು ಓದಿ ನಕ್ಕಿರಬಹುದು. ನಡೆಯುವವರ ಹೆಸರಲ್ಲಿ ಓಟು ಕೇಳುವವರು ನಮ್ಮ ಕಡೆ ಅಪರೂಪ. ನನಗೆ ನಗು ಬರಲಿಲ್ಲ. ರಸ್ತೆ ಕಾಮಗಾರಿಗಳ ಉಸ್ತುವಾರಿಯಲ್ಲೇ ತಲೆ ಬೆಳ್ಳಗೆ ಮಾಡಿಕೊಂಡು ಈಗ ಬಳ್ಳಿಗಾವಿಯ ಮನೆ ಜಗಲಿ ಮೇಲೆ ಕೂತಿದ್ದೇನೆ. ಕೇಳದಿದ್ದರೂ ನಾಲ್ಕು ಮಾತು ಹೇಳುವ ಹಕ್ಕು ವಯಸ್ಸಿಗೆ ಇದ್ದೇ ಇರುತ್ತದೆ ಅಂತ ಬರೆಯುತ್ತಿದ್ದೇನೆ.

ನಡಿಗೆ ಒಳ್ಳೆಯದು, ಸೈಕಲ್ ಒಳ್ಳೆಯದು ಅಂತ ಸಾರುವ ಜಾಥಾ ಮಾತ್ರ ಇಟ್ಟುಕೊಳ್ಳಬೇಡ. ಬ್ಯಾನರು, ಟೋಪಿ, ಫೋಟೋ, ಆಮೇಲೆ ಎಲ್ಲರೂ ಬೈಕ್ ಹತ್ತಿ ಮನೆಗೆ. ನಡೆಯುವವರನ್ನು ನೀನು ಹೊಸದಾಗಿ ಹುಟ್ಟಿಸಬೇಕಾಗಿಲ್ಲ, ಅವರು ಈಗಲೇ ಇದ್ದಾರೆ. ಬೆಳಿಗ್ಗೆ ಹತ್ತರ ಹೊತ್ತಿಗೆ ಶಿಕಾರಿಪುರದ ಬಸ್ ನಿಲ್ದಾಣದ ಬಾಗಿಲಲ್ಲಿ ನಿಂತು ನೋಡು. ಶಿರಾಳಕೊಪ್ಪದ ಕಡೆಯಿಂದ, ಅಂಜನಾಪುರದ ಕಡೆಯಿಂದ ಬಂದಿಳಿದವರಲ್ಲಿ ಆಸ್ಪತ್ರೆಗೆ ಹೋಗುವ ಬಾಣಂತಿ ಇದ್ದಾಳೆ, ತಾಲ್ಲೂಕು ಕಚೇರಿಗೆ ಪಹಣಿ ಹಿಡಿದು ಹೋಗುವ ರೈತ ಇದ್ದಾನೆ, ಕಾಲೇಜಿನ ಮಕ್ಕಳಿದ್ದಾರೆ. 2023ರ ಜೂನ್‌ನಲ್ಲಿ ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳ ಓಡಾಟ ಹೇಗೆ ಹೆಚ್ಚಿದೆ ಅನ್ನುವುದಕ್ಕೆ ಯಾರ ವರದಿಯೂ ಬೇಡ, ಬಸ್ಸಿನ ಬಾಗಿಲು ನೋಡಿದರೆ ಸಾಕು. ಬಸ್ಸಿನ ಟಿಕೆಟನ್ನು ಸರ್ಕಾರ ಕೊಟ್ಟಿತು. ಬಸ್ ಇಳಿದ ಮೇಲಿನ ಅರ್ಧ ಕಿಲೋಮೀಟರು ನಿನ್ನ ಪುರಸಭೆಯದು.

ಆ ಅರ್ಧ ಕಿಲೋಮೀಟರನ್ನು ಒಂದು ಸಲ ಒಬ್ಬ ಅಜ್ಜಿಯ ಜೊತೆ ನಡೆದು ನೋಡು. ನಿನ್ನ ಅಜ್ಜಿಯೇ ಆಗಲಿ, ಮಂಡಿನೋವಿದ್ದವರಾದರೆ ಇನ್ನೂ ಒಳ್ಳೆಯದು. ನಮ್ಮ ಊರುಗಳಲ್ಲಿ ಫುಟ್‌ಪಾತ್ ಅನ್ನುವುದು ಹೆಚ್ಚಿನ ಕಡೆ ಚರಂಡಿಯ ಮುಚ್ಚಳ. ಅಂದಾಜು ಪಟ್ಟಿಯಲ್ಲಿ ಅದು ಚರಂಡಿ ಕಾಮಗಾರಿಯ ಒಂದು ಐಟಂ, ಅಷ್ಟೇ. ಮೇಲೆ ಸ್ಲ್ಯಾಬ್ ಹಾಸಿದರೆ ಜನ ನಡೆಯುತ್ತಾರೆ ಬಿಡು ಅಂತ ಲೆಕ್ಕ. ಒಂದು ಅಂಗಡಿಯವನು ತನ್ನ ಬಾಗಿಲ ಮಟ್ಟಕ್ಕೆ ಸ್ಲ್ಯಾಬನ್ನು ಒಂದಡಿ ಎತ್ತರಿಸಿ ಟೈಲ್ಸ್ ಹಾಕಿಸುತ್ತಾನೆ. ಪಕ್ಕದವನು ಬೈಕ್ ಒಳಗೆ ತರಲು ಇಳಿಜಾರು ಕಟ್ಟಿಸುತ್ತಾನೆ. ಅದರಾಚೆ ಹೂಳು ತೆಗೆಯಲೆಂದು ಎತ್ತಿದ ಚಪ್ಪಡಿ ಅಡ್ಡಡ್ಡ ಬಿದ್ದಿರುತ್ತದೆ, ತೆಗೆದ ಹೂಳು ಒಣಗಲೆಂದು ಪಕ್ಕದ ಚಪ್ಪಡಿ ಮೇಲೇ ಗುಡ್ಡೆಯಾಗಿರುತ್ತದೆ. ಮುಂದೆ ಟ್ರಾನ್ಸ್‌ಫಾರ್ಮರ್ ಕಟ್ಟೆ, ಅದಕ್ಕೆ ತಂತಿ ಬೇಲಿ. ಅಜ್ಜಿ ಹತ್ತುತ್ತಾಳೆ, ಇಳಿಯುತ್ತಾಳೆ, ಮತ್ತೆ ಹತ್ತುತ್ತಾಳೆ, ಕೊನೆಗೆ ಸೆರಗು ಸೊಂಟಕ್ಕೆ ಸಿಕ್ಕಿಸಿ ರಸ್ತೆಗೇ ಇಳಿದುಬಿಡುತ್ತಾಳೆ. ಹಿಂದಿನಿಂದ ಲಾರಿಯವನು ಹಾರನ್ ಹೊಡೆದು, "ಫುಟ್‌ಪಾತ್ ಮೇಲೆ ಹೋಗಜ್ಜಿ" ಅನ್ನುತ್ತಾನೆ.

ಹೀಗೆ ರಸ್ತೆಗೆ ಇಳಿದವರ ಗತಿ ಏನಾಗುತ್ತದೆ ಅನ್ನುವುದಕ್ಕೆ ಕೇಂದ್ರ ಸರ್ಕಾರದ ಲೆಕ್ಕವೇ ಇದೆ. 2022ರಲ್ಲಿ ದೇಶದ ರಸ್ತೆ ಅಪಘಾತಗಳಲ್ಲಿ ಸತ್ತವರು 1,68,491 ಜನ. ಅದರಲ್ಲಿ 32,825 ಮಂದಿ ಕಾಲ್ನಡಿಗೆಯವರು. ಸತ್ತ ಐವರಲ್ಲಿ ಒಬ್ಬರು ಯಾವ ಗಾಡಿಯನ್ನೂ ಹತ್ತಿರಲಿಲ್ಲ.

ಆದ್ದರಿಂದ ಭಾಷಣಕ್ಕೆ ಮೊದಲು ಒಂದು ಟೇಪು ತಗೋ. ನಮ್ಮ ಬಳ್ಳಿಗಾವಿಯ ಭೇರುಂಡೇಶ್ವರ ಕಂಬ ನೋಡಿದ್ದೀಯಲ್ಲ, 1047ರಲ್ಲಿ ಮಹಾಮಂಡಲೇಶ್ವರ ಚಾವುಂಡರಾಯ ನಿಲ್ಲಿಸಿದ್ದು. ಇಲ್ಲಿನ ಶಾಸನಗಳಲ್ಲಿ ಭೂಮಿ ಅಳೆಯುವುದಕ್ಕೆ ಭೇರುಂಡ ಗಳೆ ಎಂಬ ಅಳತೆಯ ಮಾತು ಬರುತ್ತದೆ. ದಾನ ಕೊಟ್ಟವನು ಯಾರು ಅನ್ನುವಷ್ಟೇ ಮುಖ್ಯವಾಗಿ ಯಾವ ಕೋಲಿನಲ್ಲಿ ಅಳೆದದ್ದು ಅನ್ನುವುದನ್ನೂ ಕಲ್ಲಿನ ಮೇಲೆ ಕೆತ್ತಿಸಿದ್ದಾರೆ. ನಿನಗೂ ಅಂಥ ಕೋಲು ಇದೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ 103ನೇ ಸಂಖ್ಯೆಯ ಮಾರ್ಗಸೂಚಿ ಅಂತ ಕೇಳು, ನಿಮ್ಮ ಕಿರಿಯ ಎಂಜಿನಿಯರ್ ಕೊಡುತ್ತಾರೆ. ನಡೆಯಲು ಏನೂ ಅಡ್ಡವಿಲ್ಲದ ಅಗಲ ಕನಿಷ್ಠ 1.8 ಮೀಟರ್, ಅಂದರೆ ಸುಮಾರು ಆರಡಿ. ತಲೆಯ ಮೇಲೆ 2.2 ಮೀಟರ್ ತೆರಪು. ಅಂಚುಗಲ್ಲು ರಸ್ತೆಯಿಂದ 15 ಸೆಂಟಿಮೀಟರ್‌ಗಿಂತ ಎತ್ತರ ಇರಕೂಡದು. ಗಮನಿಸು, ಒಟ್ಟು ಅಗಲ ಆರಡಿ ಅಲ್ಲ, ಅಡ್ಡಿಯಿಲ್ಲದ ಅಗಲ ಆರಡಿ. ಎಂಟಡಿ ಫುಟ್‌ಪಾತ್ ಮಾಡಿ ನಡುವೆ ಕಂಬ ನೆಟ್ಟರೆ ಉಳಿಯುವುದು ಮೂರಡಿ. ಬಿಲ್ಲಿನಲ್ಲಿ ಮಾತ್ರ ಎಂಟಡಿಯೇ ಇರುತ್ತದೆ.

ಅಂಚುಗಲ್ಲಿನ ಎತ್ತರದ ಮಾತು ಬಂದಿದ್ದರಿಂದ ಇನ್ನೊಂದು ಹೇಳುತ್ತೇನೆ. ನಮ್ಮ ಕೇದಾರೇಶ್ವರ ದೇವಸ್ಥಾನಕ್ಕೆ ಸೇರಿದ್ದ ಕೋಡಿಯ ಮಠದ ಕೀರ್ತಿ ಹೇಳುವ 1162ರ ಶಾಸನವಿದೆ. ಓದು, ಪಾಠ, ಪೂಜೆಗಳನ್ನು ಹೇಳಿದ ಮೇಲೆ ಆ ಶಾಸನ ಕುಂಟರು, ಕುರುಡರು, ಕಿವುಡರು, ದಿಕ್ಕಿಲ್ಲದವರು ಅಂತ ಒಬ್ಬೊಬ್ಬರನ್ನೇ ಎಣಿಸಿ, ಅವರಿಗೆಲ್ಲ ಅಲ್ಲಿ ಅನ್ನವಿತ್ತು, ರೋಗಿಗಳಿಗೆ ಔಷಧವಿತ್ತು ಅನ್ನುತ್ತದೆ. ಅವರೆಲ್ಲ ಆ ಬಾಗಿಲಿಗೆ ಬಂದು ಮುಟ್ಟುತ್ತಿದ್ದರು ಅಂತ ತಾನೇ ಅರ್ಥ? ಈಗ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಇದೆ, ಇಳಿಜಾರು ದಾರಿ ಕೊಡಬೇಕು ಅಂತ ನಿಯಮವಿದೆ. ಕಚೇರಿಗಳ ಬಾಗಿಲಲ್ಲಿ ರ‍್ಯಾಂಪ್ ಕಟ್ಟಿದ್ದೇವೆ, ಸರಿ. ಗಾಲಿಕುರ್ಚಿಯವನು ಆ ರ‍್ಯಾಂಪಿನ ಬುಡದವರೆಗೆ ಬರುವ ದಾರಿಯನ್ನು ಯಾರೂ ಕಟ್ಟಿಲ್ಲ.

ಕೆಲಸಕ್ಕೆ ಕೈ ಹಾಕಿದಾಗ ನಿನಗೆ ಮೊದಲು ಸಿಗುವ ಉತ್ತರ "ಅದು ನಮ್ಮದಲ್ಲ". ಊರ ನಡುವಿನ ದೊಡ್ಡ ರಸ್ತೆ ಲೋಕೋಪಯೋಗಿ ಇಲಾಖೆಯದು. ಚರಂಡಿ ಪುರಸಭೆಯದು. ಕಂಬ ಮೆಸ್ಕಾಂನದು. ನೀರಿನ ಪೈಪು ಹಾಕಿದವರು ಇನ್ನೊಬ್ಬರು, ಕೇಬಲ್ ಹೂಳಲು ಅಗೆದು ಹೋದವನ ಫೋನ್ ನಂಬರು ಯಾರ ಹತ್ತಿರವೂ ಇರುವುದಿಲ್ಲ. ಪ್ರತಿಯೊಬ್ಬನೂ ತನ್ನ ಕೆಲಸ ಸರಿಯಾಗಿಯೇ ಮಾಡಿರುತ್ತಾನೆ. ನಡೆಯುವವನ ದಾರಿ ಮಾತ್ರ ಯಾರ ಅಳತೆ ಪುಸ್ತಕದಲ್ಲೂ ಇರುವುದಿಲ್ಲ. ಇದಕ್ಕೆ ಕಾಗದ ಬರೆದು ಕೂತರೆ ನಿನ್ನ ಅವಧಿ ಮುಗಿಯುತ್ತದೆ. ಮುಖ್ಯಾಧಿಕಾರಿಗಳನ್ನು ಕೇಳಿಕೊಂಡು ಈ ಎಲ್ಲ ಕಡೆಯವರನ್ನು ಒಂದು ದಿನ ಒಟ್ಟಿಗೆ ಕರೆಸು, ಸಭಾಂಗಣಕ್ಕಲ್ಲ, ರಸ್ತೆಗೆ. ಚಪ್ಪಡಿ ಎತ್ತಿದವನು ಅದೇ ದಿನ ಸಂಜೆಯೊಳಗೆ ಕೂರಿಸಬೇಕು, ಇಲ್ಲದಿದ್ದರೆ ಬಿಲ್ ಪಾಸಾಗಬಾರದು ಅನ್ನುವ ಒಂದು ಷರತ್ತನ್ನು ಟೆಂಡರಿನಲ್ಲಿ ಸೇರಿಸಿದರೂ ಅರ್ಧ ಊರು ನಡೆಯುವಂತಾಗುತ್ತದೆ.

ಫುಟ್‌ಪಾತ್ ತೆರವು ಅಂದ ಕೂಡಲೇ ಕೆಲವರು ಜೆಸಿಬಿ ತರಿಸು ಅನ್ನುತ್ತಾರೆ. ತರಿಸಬೇಡ. ಮೊದಲು ಪೆಟ್ಟು ಬೀಳುವುದು ಸೊಪ್ಪಿನ ಬುಟ್ಟಿಯವಳಿಗೆ, ಹೂವಿನವಳಿಗೆ, ಚಪ್ಪಲಿ ಹೊಲಿಯುವವನಿಗೆ. ಒಂದು ಬುಟ್ಟಿ ಎರಡಡಿ ಜಾಗ ಹಿಡಿಯುತ್ತದೆ, ಮತ್ತೆ ಅವಳ ಮುಂದೆ ನಿಂತು ಕೊಳ್ಳುವವನೂ ನಡೆದು ಬಂದವನೇ. ಜಾಗ ನುಂಗಿರುವುದು ನಿಲ್ಲಿಸಿದ ಬೈಕುಗಳು, ಅಂಗಡಿಯ ಹೊರಗೆ ಜೋಡಿಸಿದ ಪ್ಲಾಸ್ಟಿಕ್ ಕೊಡ, ಸ್ಟೀಲ್ ಬೀರು, ಕಬ್ಬಿಣದ ಬೋರ್ಡು. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಓದು. ಸಮೀಕ್ಷೆ ಮುಗಿಯುವ ತನಕ ಎಬ್ಬಿಸುವಂತಿಲ್ಲ. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ. 40ರಷ್ಟು ಬೀದಿ ವ್ಯಾಪಾರಿಗಳೇ ಇರಬೇಕು. ಅವರನ್ನೇ ಕೂರಿಸಿಕೊಂಡು ಬಿಳಿ ಗೆರೆ ಎಳೆಸು, ಬುಟ್ಟಿ ಈಚೆ, ದಾರಿ ಆಚೆ ಅಂತ. ಗೆರೆ ಕಾಯುವುದರಲ್ಲಿ ಅವರು ನಿನ್ನ ನೌಕರರಿಗಿಂತ ಗಟ್ಟಿ.

ದೊಡ್ಡ ಅಂಗಡಿಯವರ ಜೊತೆ ಮಾತು ಕಷ್ಟ, ಒಪ್ಪುತ್ತೇನೆ. ಓಟು ಅವರ ಕೈಯಲ್ಲಿ ಗೊಂಚಲು ಗೊಂಚಲಾಗಿರುತ್ತದೆ. ಆದರೆ ಒಂದು ನೆನಪು ಮಾಡಿಕೊಡು. ಹುಚ್ಚರಾಯಸ್ವಾಮಿ ತೇರು ಎಳೆಯುವ ದಿನ ಯಾರ ನೋಟಿಸೂ ಇಲ್ಲದೆ ಬೋರ್ಡು ಒಳಗೆ ಹೋಗುತ್ತದೆ, ಶೀಟು ಮಡಚಿಕೊಳ್ಳುತ್ತದೆ, ಬೈಕು ಸಂದಿಗೆ ಸರಿಯುತ್ತದೆ. ಅಷ್ಟಗಲದ ತೇರು ಸಲೀಸಾಗಿ ಹೋಗುತ್ತದೆ. ಊರಿನಲ್ಲಿ ಜಾಗವಿಲ್ಲ ಅನ್ನುವ ಮಾತನ್ನು ಅದಾದ ಮೇಲೆ ಯಾರಾದರೂ ಹೇಳಿದರೆ ನಂಬಬೇಡ. ಮತ್ತೂ ವಾದಿಸಿದರೆ ಸುಪ್ರೀಂ ಕೋರ್ಟಿನ ಹೆಸರು ಹೇಳು. 2025ರ ಮೇ ತಿಂಗಳಲ್ಲಿ ಅದು ಫುಟ್‌ಪಾತ್ ಮೇಲೆ ನಡೆಯುವ ಹಕ್ಕು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗವೇ ಎಂದು ಹೇಳಿ, ರಾಜ್ಯಗಳು ಮಾರ್ಗಸೂಚಿ ಮಾಡಬೇಕು ಅಂದಿದೆ. ಕೋರ್ಟಿನ ಆದೇಶ ಜೇಬಿನಲ್ಲಿದ್ದರೆ ಸದಸ್ಯನಾದವನು ಜನರ ಹತ್ತಿರ ಕೆಟ್ಟವನಾಗುವುದು ತಪ್ಪುತ್ತದೆ. ರಾಜಕೀಯದಲ್ಲಿ ಅದೂ ಒಂದು ಉಪಯೋಗ.

ಇನ್ನು ಸೈಕಲ್ ವಿಷಯ. ಇದರಲ್ಲಿ ನಮ್ಮ ತಾಲ್ಲೂಕಿಗೆ ಒಂದು ಹೆಮ್ಮೆ ಇದೆ. 2006-07ರಲ್ಲಿ ಎಂಟನೇ ತರಗತಿ ಮಕ್ಕಳಿಗೆ ಉಚಿತ ಸೈಕಲ್ ಯೋಜನೆ ಶುರುವಾದಾಗ ಉಪಮುಖ್ಯಮಂತ್ರಿಯಾಗಿ ಹಣಕಾಸು ಖಾತೆ ಹಿಡಿದಿದ್ದವರು ನಮ್ಮ ಶಿಕಾರಿಪುರದ ಯಡಿಯೂರಪ್ಪನವರೇ. 1975ರಲ್ಲಿ ಇದೇ ಪುರಸಭೆಗೆ ಗೆದ್ದು, ನೀನು ಈಗ ಕೂತಿರುವ ಜಾಗದಿಂದಲೇ ಹೊರಟವರು ಅವರು. ಪಕ್ಷ ಯಾವುದಾದರೂ ಇರಲಿ, ಆ ಯೋಜನೆ ಹಳ್ಳಿ ಹೆಣ್ಣುಮಕ್ಕಳನ್ನು ಹೈಸ್ಕೂಲಿಗೆ ಮುಟ್ಟಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ತಾಳಗುಂದದ ಕಡೆಯಿಂದ, ಉಡುಗಣಿಯ ಕಡೆಯಿಂದ ಸಾಲಾಗಿ ಬರುತ್ತಿದ್ದರು, ಒಂದು ಕೈಯಲ್ಲಿ ಹ್ಯಾಂಡಲ್, ಇನ್ನೊಂದರಲ್ಲಿ ಛತ್ರಿ. ಕೊರೊನಾ ಬಂದ ಮೇಲೆ ಹಂಚುವುದು ನಿಂತಿತು. ಕೊಟ್ಟ ಸೈಕಲ್‌ಗಳು ಎಷ್ಟೋ ಮನೆಗಳಲ್ಲಿ ಕೊಟ್ಟಿಗೆ ಗೋಡೆಗೆ ಒರಗಿದ್ದವು. ಅದಕ್ಕೆ ಮಕ್ಕಳ ಸೋಮಾರಿತನ ಅಂತ ಬೈಯುವವರಿದ್ದಾರೆ. ನಾನು ಬೈಯುವುದಿಲ್ಲ. ಟ್ಯೂಬ್ ಪಂಕ್ಚರ್ ಆದರೆ ಪ್ಯಾಚ್ ಹಾಕುವವನು ಊರಲ್ಲಿಲ್ಲ, ಸ್ಕೂಲಿನಲ್ಲಿ ನೆರಳಿಲ್ಲದೆ ಬಿಸಿಲಿಗೆ ಟೈರು ಬಿರಿಯುತ್ತದೆ, ಮಳೆಗೆ ಚೈನು ತುಕ್ಕು ಹಿಡಿಯುತ್ತದೆ. ಒಂದು ತಗಡಿನ ಶೆಡ್ಡು, ಒಂದು ಗಾಳಿ ಪಂಪು, ತಿಂಗಳಿಗೊಮ್ಮೆ ಬಂದು ಬ್ರೇಕ್ ಬಿಗಿ ಮಾಡಿಕೊಡುವ ಒಬ್ಬ ಮೆಕ್ಯಾನಿಕ್, ಇಷ್ಟಕ್ಕೆ ಪುರಸಭೆ ದಿವಾಳಿಯಾಗುವುದಿಲ್ಲ.

ಸೈಕಲ್ ಪಥ ಅನ್ನುವ ಪದ ಈಗ ಎಲ್ಲರ ಬಾಯಲ್ಲಿದೆ. 2016ರಲ್ಲಿ ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿದ ಶಿವಮೊಗ್ಗದಲ್ಲಿ ಮಾಡಿದ್ದನ್ನು ನೀನೂ ನೋಡಿದ್ದೀಯ. ಅಲ್ಲಿನ ಕೆಲಸದಲ್ಲಿ ನನಗೆ ಮೆಚ್ಚಾದದ್ದು ಬಣ್ಣ ಬಳಿದ ಪಥಕ್ಕಿಂತ ಮನೆಗಳ ಹಿಂದಿನ ಕನ್ಸರ್ವೆನ್ಸಿ ಗಲ್ಲಿಗಳು. ಕಸ ತುಂಬಿ ಮೂಗು ಮುಚ್ಚಿಕೊಳ್ಳುವಂತಿದ್ದವನ್ನು ಶುಚಿ ಮಾಡಿ ಕಲ್ಲು ಹಾಸಿದಲ್ಲಿ ಜನ ಓಡಾಡುವಂತಾಯಿತು. ಬಣ್ಣದ ಪಥದ ಕಷ್ಟ ಏನೆಂದರೆ, ಅಂಚಿನಲ್ಲಿ ತಡೆ ಇಲ್ಲದಿದ್ದರೆ ಅದು ಕಾರು ನಿಲ್ಲಿಸಲು ಗುರುತು ಹಾಕಿಕೊಟ್ಟ ಹಾಗೆ. 2017ರ ಜೂನ್‌ನಲ್ಲಿ ಮೈಸೂರು ಟ್ರಿಣ್ ಟ್ರಿಣ್ ಎಂಬ ಬಾಡಿಗೆ ಸೈಕಲ್ ಯೋಜನೆ ಶುರು ಮಾಡಿತು, 450 ಸೈಕಲ್, 48 ನಿಲ್ದಾಣ. ಒಳ್ಳೆಯ ಪ್ರಯತ್ನ. ಆದರೆ ಗಂಟೆ ಲೆಕ್ಕದ ಬಾಡಿಗೆ ಸೈಕಲ್ ನಮಗೆ ಹೊಸದೇನಲ್ಲ. ಒಂದು ಕಾಲದಲ್ಲಿ ಪ್ರತಿ ಪೇಟೆಯಲ್ಲಿ ಸೈಕಲ್ ಶಾಪ್ ಇತ್ತು, ಮಡ್‌ಗಾರ್ಡ್ ಮೇಲೆ ನಂಬರ್ ಬರೆದ ಸೈಕಲ್ ಇತ್ತು, ಹೆಸರು ಬರೆದುಕೊಳ್ಳುವ ನೋಟ್‌ಬುಕ್ ಇತ್ತು. ಆ ಅಂಗಡಿಗಳು ಮುಚ್ಚಿದ್ದು ತಂತ್ರಜ್ಞಾನ ಇಲ್ಲದ್ದಕ್ಕಲ್ಲ. ರಸ್ತೆಯಲ್ಲಿ ಸೈಕಲ್ಲಿಗೆ ಜೀವಭಯ ಬಂತು, ಬೈಕಿಗೆ ಸಾಲ ಸುಲಭವಾಯಿತು. ಆ ಭಯ ಹೋಗದೆ ಆ್ಯಪ್ ಬಂದರೆ ಪ್ರಯೋಜನ ಕಡಿಮೆ.

ಭಯ ಹೋಗಬೇಕಾದರೆ ಗಾಡಿಗಳ ವೇಗ ಇಳಿಯಬೇಕು. ಜನ, ಸೈಕಲ್, ವಾಹನ ಬೆರೆತಿರುವ ಬೀದಿಯಲ್ಲಿ ಗಂಟೆಗೆ 30 ಕಿಲೋಮೀಟರ್ ಮಿತಿ ಸಾಕು ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಮಾತು. ನಮ್ಮಲ್ಲಿ ವೇಗ ಇಳಿಸುವುದು ಅಂದರೆ ಹಂಪ್. ಯಾರಿಗೋ ಅಪಘಾತವಾದ ಮಾರನೇ ದಿನ, ಸಿಟ್ಟಿನಲ್ಲಿ, ರಾತ್ರೋರಾತ್ರಿ ಹಾಕಿದ ಹಂಪ್. ಗೇಣಗಲ, ಮೊಣಕಾಲೆತ್ತರ. ಕಾರಿನವನು ಗೊಣಗಿ ದಾಟುತ್ತಾನೆ, ಹಾಲಿನ ಕ್ಯಾನ್ ಕಟ್ಟಿದ ಸೈಕಲ್ಲಿನವನು ಬೀಳುತ್ತಾನೆ, ಬೈಕಿನ ಹಿಂದೆ ಕೂತ ಬಸುರಿ ಸೊಂಟ ಹಿಡಿದುಕೊಳ್ಳುತ್ತಾಳೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಹಂಪ್ 3.7 ಮೀಟರ್ ಅಗಲ, ನಡುವೆ ಬರೀ 10 ಸೆಂಟಿಮೀಟರ್ ಎತ್ತರ. ಹನ್ನೆರಡು ಅಡಿಯಲ್ಲಿ ನಿಧಾನಕ್ಕೆ ಏರಿ ನಿಧಾನಕ್ಕೆ ಇಳಿಯುವಂಥದ್ದು. 25 ಕಿಲೋಮೀಟರ್ ವೇಗದಲ್ಲಿ ಬಂದವನಿಗೆ ಏನೂ ಆಗುವುದಿಲ್ಲ, ಜೋರಾಗಿ ಬಂದವನಿಗೆ ಬುದ್ಧಿ ಬರುತ್ತದೆ. ಶಾಲೆ, ಆಸ್ಪತ್ರೆ ಮುಂದೆ ಇಂಥದ್ದನ್ನೇ ಹಾಕಿಸು, ಬಿಳಿ ಪಟ್ಟೆ ಬಳಿಸು, ರಾತ್ರಿ ಕಾಣುವಂತೆ ಮೇಲೊಂದು ದೀಪ ಕೊಡಿಸು.

ಹಳ್ಳಿ ರಸ್ತೆಯ ಒಂದು ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ, ಅದು ನಿನ್ನ ವ್ಯಾಪ್ತಿಯಲ್ಲಿ ಇಲ್ಲದಿದ್ದರೂ. ಮೆಕ್ಕೆಜೋಳದ ಕೊಯ್ಲು ಬಂತೆಂದರೆ ಶಿಕಾರಿಪುರ, ಸೊರಬ ಎರಡೂ ತಾಲ್ಲೂಕಿನಲ್ಲಿ ಡಾಂಬರು ರಸ್ತೆಯೇ ಕಣ. ಅರ್ಧ ರಸ್ತೆ ಜೋಳ, ಅಂಚಿಗೆ ಸಾಲಾಗಿ ಕಲ್ಲು. ರಾತ್ರಿ ರಾಶಿ ಎತ್ತಿದ ಮೇಲೂ ಕಲ್ಲು ಅಲ್ಲೇ ಇರುತ್ತದೆ, ಸೈಕಲ್ಲಿಗೆ ದೀಪ ಇರುವುದಿಲ್ಲ. ರೈತನನ್ನು ಬೈದು ಫಲವಿಲ್ಲ, ಅವನಿಗೆ ಒಣಗಿಸಲು ಬೇರೆ ಜಾಗ ಬೇಕು. ಊರೂರಿಗೆ ಒಂದು ಸಿಮೆಂಟ್ ಕಣ ಆದರೆ ಸೈಕಲ್ಲಿಗೆ ಅದಕ್ಕಿಂತ ದೊಡ್ಡ ಉಪಕಾರವಿಲ್ಲ. ಪಂಚಾಯಿತಿಯ ಸ್ನೇಹಿತರು ಸಿಕ್ಕಾಗ ಕಿವಿಗೆ ಹಾಕು. ಹಳ್ಳಿ ದಾರಿಯ ಸೈಕಲ್ಲಿನ ಬಗ್ಗೆ ಇನ್ನೊಂದು ಆಸೆಯೂ ಇದೆ. ಬಳ್ಳಿಗಾವಿ, ತಾಳಗುಂದ ಎರಡೂ ಶಿರಾಳಕೊಪ್ಪದ ಮಗ್ಗುಲಲ್ಲೇ ಇವೆ. ದೇವಸ್ಥಾನ ನೋಡಲು ಬರುವವರು ಕೇದಾರೇಶ್ವರದ ಮುಂದೆ ಕಾರು ನಿಲ್ಲಿಸಿ, ತ್ರಿಪುರಾಂತಕೇಶ್ವರಕ್ಕೂ ಕಾರಿನಲ್ಲೇ ಹೋಗಿ, ನಡುವಿನ ಭೇರುಂಡ ಕಂಬವನ್ನು ಕಿಟಕಿಯಿಂದ ನೋಡಿ ಹೋಗುತ್ತಾರೆ. ಶಿರಾಳಕೊಪ್ಪದಲ್ಲಿ ಇಳಿದು ಬಾಡಿಗೆ ಸೈಕಲ್ ಹತ್ತಿದರೆ ಅಲ್ಲಮನ ಊರಾದ ಬಳ್ಳಿಗಾವಿಯನ್ನೂ ತಾಳಗುಂದದ ಕದಂಬರ ಶಾಸನವನ್ನೂ ಒಂದೇ ದಿನ ನೋಡಬಹುದು. ಹೋಗಲಿ, ಇದು ನನ್ನ ಊರಿನ ಸ್ವಾರ್ಥ.

ದೊಡ್ಡ ಊರುಗಳಲ್ಲಿ ಮಾತ್ರ ಇದೆಲ್ಲ ಆಗುತ್ತದೆ ಅಂದುಕೊಳ್ಳಬೇಡ. ಸ್ಪೇನ್ ದೇಶದಲ್ಲಿ ಪೊಂತೆವೆದ್ರಾ ಅಂತ ಒಂದು ಊರಿದೆ. ಎಂಬತ್ತು ಸಾವಿರ ಚಿಲ್ಲರೆ ಜನ, ನಮ್ಮ ಶಿವಮೊಗ್ಗಕ್ಕಿಂತ ಬಹಳ ಚಿಕ್ಕದು. 1999ರಲ್ಲಿ ಗೆದ್ದ ಮೇಯರ್ ಮಿಗೆಲ್ ಲೋರೆಸ್ ಹಳೇ ಪೇಟೆಯೊಳಗೆ ಸುಮ್ಮನೆ ಹಾದುಹೋಗುವ ಕಾರುಗಳನ್ನು ತಡೆದು ಜಾಗವನ್ನು ನಡೆಯುವವರಿಗೆ ಬಿಟ್ಟರು. ಜನ ಅವರನ್ನು ಮತ್ತೆ ಮತ್ತೆ ಗೆಲ್ಲಿಸಿದರು. ಅಲ್ಲಿಂದ ನೀನು ಖರ್ಚಿಲ್ಲದೆ ತರಬಹುದಾದ ಒಂದು ವಸ್ತು ಇದೆ, ಅದೊಂದು ನಕ್ಷೆ. ಊರಿನ ಮುಖ್ಯ ಜಾಗಗಳನ್ನು ಗೆರೆಯಿಂದ ಜೋಡಿಸಿ, ನಡುವೆ ನಡೆಯಲು ಎಷ್ಟು ನಿಮಿಷ ಅಂತ ಬರೆದಿದ್ದಾರೆ. ಶಿಕಾರಿಪುರಕ್ಕೆ ಅಂಥದ್ದೊಂದು ಮಾಡಿ ಬಸ್ ನಿಲ್ದಾಣದಲ್ಲಿ ತೂಗುಹಾಕು. ಆಸ್ಪತ್ರೆ, ಹುಚ್ಚರಾಯನ ಕೆರೆ, ದೇವಸ್ಥಾನ, ಕಾಲೇಜು, ಯಾವುದಕ್ಕೆ ಎಷ್ಟು ನಿಮಿಷ ಅಂತ ಹೈಸ್ಕೂಲ್ ಮಕ್ಕಳ ಕೈಲಿ ನಡೆಸಿಯೇ ಅಳತೆ ಮಾಡಿಸು. ದಾರಿಯಲ್ಲಿ ಎಲ್ಲೆಲ್ಲಿ ರಸ್ತೆಗೆ ಇಳಿಯಬೇಕಾಯಿತು ಅನ್ನುವುದನ್ನೂ ಅವರೇ ಬರೆದು ಕೊಡುತ್ತಾರೆ.

ಇಡೀ ಊರನ್ನು ಒಟ್ಟಿಗೆ ಹಿಡಿಯಬೇಡ. ಹಣಕಾಸು ಆಯೋಗದ ಅನುದಾನ, ಎಸ್‌ಎಫ್‌ಸಿ, ನಗರೋತ್ಥಾನ ಅಂತ ಬರುವ ದುಡ್ಡನ್ನು ಎಲ್ಲ ವಾರ್ಡಿಗೂ ನೂರು ನೂರು ಮೀಟರ್ ಹಂಚಿದರೆ ಎಲ್ಲಿಯೂ ದಾರಿಯಾಗುವುದಿಲ್ಲ, ಎಲ್ಲ ಕಡೆ ತುಂಡುಗಳಾಗುತ್ತವೆ. ಹಾಗೆ ಹಂಚುವುದೇ ರೂಢಿ, ಸದಸ್ಯರೆಲ್ಲ ಸಮಾಧಾನವಾಗಿರುತ್ತಾರೆ. ನೀನು ಆ ರೂಢಿಗೆ ಒಂದೇ ಒಂದು ಸಲ ಅಡ್ಡ ನಿಲ್ಲು. ಮುಂದಿನ ಸಾಮಾನ್ಯ ಸಭೆಗೆ ಕ್ರಿಯಾ ಯೋಜನೆ ಬಂದಾಗ, ಬಸ್ ನಿಲ್ದಾಣದಿಂದ ತಾಲ್ಲೂಕು ಆಸ್ಪತ್ರೆವರೆಗೆ ಎರಡೂ ಬದಿ ಒಂದೇ ಮಟ್ಟದ, ಎಲ್ಲೂ ತುಂಡಾಗದ, ಆರಡಿ ತೆರಪಿನ ಕಾಲುದಾರಿ ಅಂತ ಒಂದು ಕಾಮಗಾರಿ ಬರೆಸು. ಸೈಕಲ್ ಪಥದ ಪ್ರಸ್ತಾವವನ್ನು ಅದರ ಕೊನೇ ಬಿಲ್ ಆದ ಮೇಲೆ ತಾ.